ನಿಧಾನಕ್ಕೆ ಹೋಗಪ್ಪ, ಗಾಜಿದೆ

ಸಂಜೆ ಬಿಸಿಲು ಅಂಗಡಿಯೊಳಗೆ ಬೀಳುವ ಹೊತ್ತಿಗೆ ನನ್ನ ಹೆಂಡತಿಯ ಮುಂಗೈಗಳು ಮಿನುಗುತ್ತಿದ್ದವು. ಗಾಜು ಕೊಯ್ಯುವಾಗ ಹಾರುವ ಸಣ್ಣ ಪುಡಿ ಅದು; ಎಷ್ಟು ಒರೆಸಿದರೂ ಒಂದಿಷ್ಟು ಉಳಿದುಬಿಡುತ್ತಿತ್ತು. ಯಾವುದೋ ಮದುವೆಯಲ್ಲಿ ಒಬ್ಬ ಹುಡುಗಿ ಅವಳ ಕೈ ಹಿಡಿದು, "ಯಾವ ಕ್ರೀಮ್ ಆಂಟಿ ಇದು, ಸಖತ್ತಾಗಿದೆ" ಎಂದು ಕೇಳಿದ್ದಳು. "ಗಾಜು ಕಣಮ್ಮ. ಬೇಕಾದ್ರೆ ಅಂಗಡಿಗೆ ಬಾ, ಬಿಟ್ಟಿ ಕೊಡ್ತೀನಿ" ಎಂದಿದ್ದಳು ಇವಳು. ಬನಶಂಕರಿಯ ಒಂದು ಛತ್ರದಲ್ಲಿ ಎಂದು ನನ್ನ ನೆನಪು. ಛತ್ರವೂ ಅಲ್ಲ, ಮದುವೆಯೂ ಅಲ್ಲ, ಯಾರದೋ ಮನೆಯ ನಾಮಕರಣ ಎನ್ನುತ್ತಾಳೆ ಅವಳು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಓದುವವರಿಗೂ ಇಷ್ಟು ಎಚ್ಚರಿಕೆ ಇರಲಿ.

ತಿಲಕ್ ನಗರದಲ್ಲಿ ನಮ್ಮದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುತ್ತ, ಎಲ್ಲೂ ನೆಲೆ ನಿಲ್ಲದ ನನ್ನನ್ನು ಅಲ್ಲಿ ತಂದು ಕೂರಿಸಿದವಳು ಅವಳೇ. ಗಾಜು ಕೊಯ್ಯುವುದನ್ನು ಅಪ್ಪನಿಂದ ಕಲಿತಿದ್ದಳು, ಅದು ಅವಳ ಕೆಲಸ. ಮರದ ಪಟ್ಟಿ ಕತ್ತರಿಸಿ ಮೊಳೆ ಹೊಡೆಯುವುದು ನನ್ನದು. ಗಿರಾಕಿಗಳ ಜೊತೆ ಮಾತೂ ನನ್ನದೇ ಎಂದು ತಿಳಿದುಕೊಂಡಿದ್ದೆ.

ಬರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ದೇವರದು, ಇಲ್ಲವೇ ತೀರಿಕೊಂಡವರದು. ದೇವರಿಗೆ ಅವಸರವಿಲ್ಲ. ತೀರಿಕೊಂಡವರದು ಮಾತ್ರ ತಿಥಿಯೊಳಗೆ ಸಿದ್ಧವಾಗಬೇಕು. ಅಂಗಡಿ ಶುರುವಾದ ಹೊಸತರಲ್ಲಿ ಒಬ್ಬ ಹೆಂಗಸು ಗಂಡನ ಫೋಟೋ ತೆಗೆದುಕೊಂಡು ಹೊರಟರು. ನಾನು ಎಲ್ಲರಿಗೂ ಹೇಳುವ ಹಾಗೆ, "ಮತ್ತೆ ಬನ್ನಿ ಮೇಡಂ" ಎಂದೆ. ಅವರು ಮೆಟ್ಟಿಲ ಮೇಲೆ ನಿಂತುಬಿಟ್ಟರು. ತಿರುಗಿ ಒಮ್ಮೆ ನನ್ನ ಮುಖ ನೋಡಿ ಇಳಿದುಹೋದರು.

"ಸಾವಿನ ಮನೇಲಿ ಬರ್ತೀನಿ ಅನ್ನಲ್ಲ, ಬನ್ನಿ ಅನ್ನಲ್ಲ. ಎಂ.ಎ. ಸಾಹೇಬ್ರಿಗೆ ಅಷ್ಟೂ ಗೊತ್ತಿಲ್ವಾ?" ಎಂದಳು ಹೆಂಡತಿ.

"ಇದು ಅಂಗಡಿ ಕಣೇ, ಸಾವಿನ ಮನೆ ಅಲ್ಲ. ಒಂದು ಪದದಿಂದ ಸಾವು ಬರತ್ತಾ?"

"ಸಾವು ಬರಲ್ಲ ರೀ. ಗಿರಾಕಿನೂ ಬರಲ್ಲ."

"ಹಾಗಾದ್ರೆ ಹೋಗಿ ಅನ್ಲಾ?"

"ಅನ್ನಿ, ಕತ್ತು ಹಿಡಿದು ತಳ್ಳಿದ ಹಾಗಿರತ್ತೆ!"

ಅಂದಿನಿಂದ ಅಂಥವರನ್ನು ಕಳಿಸಿಕೊಡುವ ಕೆಲಸ ಅವಳದಾಯಿತು. ಪೇಪರಿನಲ್ಲಿ ಸುತ್ತಿದ ಫೋಟೋವನ್ನು ತಾನೇ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಆಟೋ ನಿಲ್ಲಿಸಿ, ಅವರನ್ನು ಕೂರಿಸಿ, ಫೋಟೋವನ್ನು ಅವರ ತೊಡೆಯ ಮೇಲಿಡುತ್ತಿದ್ದಳು. ಅವರಿಗೆ ಬನ್ನಿ ಎಂದೂ ಹೇಳುತ್ತಿರಲಿಲ್ಲ, ಹೋಗಿ ಎಂದೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದುದು ಆಟೋದವನಿಗೆ: "ನಿಧಾನಕ್ಕೆ ಹೋಗಪ್ಪ, ಗಾಜಿದೆ." ಒಳಗೆ ಕೂತವರು ತಮಗೇ ಹೇಳಿದರೇನೋ ಎಂಬಂತೆ ತಲೆಯಾಡಿಸುತ್ತಿದ್ದರು. ಬೈಕಿನಲ್ಲಿ ಬಂದವರಾದರೆ, ಬೈಕ್ ಓಡಿಸುವ ಮಗನಿಗೋ ಅಳಿಯನಿಗೋ ಅದೇ ಮಾತು.

ಕರೆಯದಿದ್ದರೂ ಅವರು ಮತ್ತೆ ಬಂದರು. ಮೊಮ್ಮಗುವಿನ ಫೋಟೋ ಹಿಡಿದು, ಗೃಹಪ್ರವೇಶಕ್ಕೆ ದೇವರ ಪಟ ಹಿಡಿದು, ದೂರದ ಗೊಟ್ಟಿಗೆರೆ, ಉತ್ತರಹಳ್ಳಿಗೆ ಮನೆ ಬದಲಾಯಿಸಿದ ಮೇಲೂ ಬಂದರು. ನಾನು ಎದುರಿಗೇ ಕೂತಿದ್ದರೂ, "ಯಾರೂ ಇಲ್ವಾ? ಅಕ್ಕ ಎಲ್ಲಿ?" ಎನ್ನುತ್ತಿದ್ದರು. ನನಗೆ ಅವಮಾನವಾಗಬೇಕಿತ್ತು. ಆಗುತ್ತಿದ್ದುದು ಹೆಮ್ಮೆ.

ಕೊಯ್ಯುವಾಗ ಗಾಜಿನ ಮೇಲೆ ಕಟರಿನಿಂದ ಒಂದೇ ಗೀಟು ಎಳೆಯಬೇಕು. ಅದರ ಮೇಲೆ ಇನ್ನೊಂದು ಎಳೆದರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. "ಎರಡನೇ ಗೀಟು ಬೇಕು ಅನ್ಸಿದ ದಿನ ನಾನು ಎದ್ದು ಮನೆಗೆ ಹೋಗ್ತೀನಿ" ಎಂದು ಅವಳು ಹೇಳುತ್ತಲೇ ಇದ್ದಳು. ತಮಾಷೆ ಎಂದುಕೊಂಡಿದ್ದೆ. ಹೋದ ವರ್ಷ ಅವಳ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಗೀಟು ಅರ್ಧಕ್ಕೆ ನಿಂತಿತು. ಕಟರ್ ಎತ್ತಿ ಸ್ವಲ್ಪ ಹೊತ್ತು ಗಾಜನ್ನೇ ನೋಡಿದಳು. ಎರಡನೆಯದನ್ನು ಎಳೆಯಲಿಲ್ಲ. ಕಟರನ್ನು ಸೆರಗಿನಲ್ಲಿ ಒರೆಸಿ ಡ್ರಾಯರಿಗೆ ಹಾಕಿ, "ಆಯ್ತು ನಂದು" ಎಂದಳು.

"ಅಂಗಡಿ ಮುಚ್ಚೋಣ" ಎಂದೆ.

"ಯಾಕೆ? ಅಳತೆ ಕೊಟ್ರೆ ಗಾಜು ಕೊಯ್ದು ಕೊಡೋರು ಬೇಕಾದಷ್ಟು ಜನ ಇದಾರೆ. ಜನಾನ ಕಳಿಸೋಕೆ ಬರತ್ತಾ ನಿಮ್ಗೆ, ಅದು ಹೇಳಿ. ಅದು ಬರೋವರ್ಗೂ ನಾನು ಇಲ್ಲೇ ಕೂತಿರ್ತೀನಿ. ನಿಮ್ಮನ್ನ ನಂಬಿ ಹೋದ್ರೆ, ಅಳ್ತಾ ಬಂದೋರ ಜೊತೆ ವಾದಕ್ಕೆ ನಿಲ್ತೀರ."

ಕೂತಳು. ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ವಾರಗಟ್ಟಲೆ ಸ್ಟೂಲಿನ ಮೇಲೆ ಕೂತಳು. ಅಂಗಡಿ ಉಳಿಯುವುದೂ ಅವಳು ನಿಶ್ಚಿಂತೆಯಿಂದ ಮನೆಗೆ ಹೋಗುವುದೂ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಒಂದು ಮಧ್ಯಾಹ್ನ ಒಬ್ಬ ಹಿರಿಯರು ತೀರಿಕೊಂಡ ತಮ್ಮ ಹೆಂಡತಿಯ ಫೋಟೋ ತೆಗೆದುಕೊಂಡು ಹೋಗಲು ಬಂದರು. ಹೊರಡುವಾಗ ಅಭ್ಯಾಸಬಲದಿಂದ ನಾನು ಇವಳ ಕಡೆ ನೋಡಿದೆ. ಇವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಫೋಟೋ ಎತ್ತಿಕೊಂಡು ನಾನೇ ಇಳಿದೆ. ಆಟೋ ನಿಲ್ಲಿಸಿ ಅವರನ್ನು ಕೂರಿಸಿದೆ. ಅವರ ಕೈಗೆ ಹಿಡಿತ ಸಿಗುವ ತನಕ ಫೋಟೋವನ್ನು ನಾನು ಬಿಡಲಿಲ್ಲ. ಆಮೇಲೆ ಆಟೋದವನಿಗೆ, "ನಿಧಾನಕ್ಕೆ ಹೋಗಪ್ಪ, ಗಾಜಿದೆ" ಎಂದೆ. ದನಿ ನನ್ನದಲ್ಲ ಅನ್ನಿಸಿತು. ಹಿರಿಯರು ತಲೆಯಾಡಿಸಿದರು.

ಮೇಲೆ ಬಂದರೆ ಇವಳು ಚಪ್ಪಲಿ ಮೆಟ್ಟಿ, ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದಳು. "ಪರ್ವಾಗಿಲ್ಲ, ಪಾಸು" ಎಂದು ನನ್ನನ್ನು ದಾಟಿ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ತಿರುಗಿ ಅಂಗಡಿಯನ್ನೊಮ್ಮೆ ನೋಡಿ, "ಬರ್ತೀನಿ" ಎಂದಳು.

ಹಾಗೆಂದು ನನ್ನ ನೆನಪು. ಈಗ ಕೇಳಿದರೆ, "ಅಂಗಡಿಗೆ ಯಾರಾದ್ರೂ ಬರ್ತೀನಿ ಅಂತಾರೇನ್ರೀ? ಬರ್ತಾ ಮೊಸರು ತನ್ನಿ ಅಂದೆ" ಎನ್ನುತ್ತಾಳೆ. ಆಗ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಣೆ ಮಾಡಿ ಹೇಳಲಾರೆ. ಸಾಕ್ಷಿಯೂ ಅವಳ ಕಡೆಗೇ ಇದೆ: ಆ ಸಂಜೆ ನಾನು ಮನೆಗೆ ಮೊಸರು ತೆಗೆದುಕೊಂಡೇ ಹೋಗಿದ್ದೆ.

ಆದರೂ ಅವಳ ಸ್ಟೂಲನ್ನು ನಾನು ಅಲ್ಲಿಂದ ತೆಗೆದಿಲ್ಲ.