ಅಪ್ಪನ ಕಣ್ಣು, ಅಮ್ಮನ ಗ್ರೀಕರು

ಮಗಳ ಕೆಮ್ಮಿಗೆಂದು ಹೋದ ವಾರ ನೈರೋಬಿಯ ಹರ್ಲಿಂಗ್‌ಹ್ಯಾಮಿನ ಅಂಗಡಿಯಿಂದ ಸಿರಪ್ ತಂದು ಮುಚ್ಚಳ ತಿರುಗಿಸಿದೆ. ಪೂರ್ತಿ ಕಿತ್ತಳೆಯದೂ ಅಲ್ಲದ, ಪೂರ್ತಿ ಔಷಧದ್ದೂ ಅಲ್ಲದ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪನ ಅಂಗಿಯ ತೋಳಿಗೆ ಕೆನ್ನೆಯೊತ್ತಿ ನಿಂತ ಹುಡುಗಿಯಾಗಿಬಿಟ್ಟೆ. ಅಪ್ಪ ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದರು. ದಿನವಿಡೀ ಸಿರಪ್ಪಿನ ಬಣ್ಣ ನೋಡುವುದು ಅವರ ಕೆಲಸ; ಸಂಜೆ ಆ ವಾಸನೆಯನ್ನು ಹೊತ್ತೇ ಮನೆಗೆ ಬರುತ್ತಿದ್ದರು. ಅಮ್ಮ ಮದುವೆಗೆ ಮುಂಚೆ ಮೈಸೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವಳು. ನೈರೋಬಿಯಲ್ಲಿ ಅವಳಿಗೆ ಸಿಕ್ಕ ತರಗತಿಯೆಂದರೆ ನಮ್ಮ ಊಟದ ಮೇಜು. ವಿದ್ಯಾರ್ಥಿಗಳು ಅಪ್ಪ ಮತ್ತು ನಾನು. ಸಾರು ಬಡಿಸುತ್ತಲೇ ಹಳೆಯ ಗ್ರೀಕರ ವಿಚಾರ ತೆಗೆಯುತ್ತಿದ್ದಳು. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರೆ ಮಾಡಿಕೊಂಡರೆ ಬದುಕು ಹಗುರಾಗುತ್ತದೆ ಎಂದು ಅವರು ನಂಬಿದ್ದರಂತೆ. ನಾನು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದೆ, ಅವಳು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು, ಅಪ್ಪ ನಗುತ್ತಾ ಇನ್ನೊಂದು ಹಪ್ಪಳ ಕೇಳುತ್ತಿದ್ದರು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ನೋಟ ಅಂಚಿನಿಂದ ಮಸುಕಾಗತೊಡಗಿತು. ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಕೊನೆಗೆ ಬಣ್ಣಗಳೂ ಕಾಣದಾದಾಗ ಅಪ್ಪ ಕೆಲಸ ಬಿಟ್ಟು, ಕಿಟಕಿಗೆ ಬೆನ್ನು ಹಾಕಿ ಕೂತರು. ಒಂದು ಸಂಜೆ ಅಮ್ಮ ಮೆಲ್ಲಗೆ, ಕಣ್ಣು ನಮ್ಮ ಕೈಯಲ್ಲಿಲ್ಲ, ಮನಸ್ಸು ಇದೆಯಲ್ಲ ಎಂದು ಶುರು ಮಾಡಿದಳು. ಅಪ್ಪ ತಟ್ಟೆ ಸರಿಸಿದರು.

“ನಿನ್ನ ಗ್ರೀಕರಿಗೆ ಕಣ್ಣು ಕಾಣ್ತಿತ್ತು ಕಣೇ. ನಂಗೆ ನನ್ನ ಮಗಳ ಮುಖ ಕಾಣ್ತಿಲ್ಲ.”

ಅಮ್ಮ ಸಾರಿನ ಸೌಟು ಕೆಳಗಿಟ್ಟಳು. ಆಮೇಲೆ ಅವಳು ಅವರ ಪಕ್ಕ ಕೂತು, “ಇದನ್ನ ಹೇಗೆ ತಡ್ಕೋಬೇಕು ಅಂತ ನಂಗೂ ಗೊತ್ತಿಲ್ಲ ರೀ. ಗೊತ್ತಿದೆ ಅನ್ಕೊಂಡಿದ್ದೆ,” ಎಂದಳು. ಅಪ್ಪ ಕೈಯಾಡಿಸಿ ಅವಳ ಕೆನ್ನೆ ಹುಡುಕಿದರು, ಒದ್ದೆಯಾಗಿತ್ತು. ಹಾಗಾದರೆ ಗೊತ್ತಿಲ್ಲದವರು ಇಬ್ಬರೂ ಸೇರಿಯೇ ವಿಚಾರಿಸೋಣ ಎಂದರು. ತನಗೇನೂ ತಿಳಿದಿಲ್ಲವೆನ್ನುತ್ತ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಪ್ರಶ್ನೆ ಕೇಳುತ್ತಿದ್ದ ಅಥೆನ್ಸಿನ ಮುದುಕನೊಬ್ಬನ ವಿಷಯವನ್ನು ಅಮ್ಮ ಅವತ್ತು ಹೇಳಿದಳು.

ಅಪ್ಪನಿಗೆ ಆ ಮುದುಕ ಹಿಡಿಸಿಬಿಟ್ಟ. ಬಿಳಿ ಕೋಲು ಹಿಡಿದು ಹೊರಗೆ ಹೋಗತೊಡಗಿದರು. ಮೊದಲು ಅಮ್ಮನ ತೋಳಿನ ಆಸರೆಯಲ್ಲಿ, ಆಮೇಲೆ ಒಬ್ಬರೇ. ತರಕಾರಿಯವಳನ್ನು ಸುಖವೆಂದರೇನು ಎಂದು ಕೇಳುವರು, ಮಟಾಟು ಎಂಬ ಇಲ್ಲಿನ ಮಿನಿಬಸ್ಸಿನ ಕಂಡಕ್ಟರನ್ನು ಧೈರ್ಯವೆಂದರೇನು ಎಂದು. ಕಣ್ಣು ಕಾಣದೆ ನಮ್ಮ ಮಟಾಟು ಹತ್ತುವುದೇ ಧೈರ್ಯ ಎಂದನಂತೆ ಅವನು. ಅದನ್ನು ನಮಗೆ ಹೇಳುವಾಗ ಅಪ್ಪ ಮೊದಲಿನ ಹಾಗೆ ಹೊಟ್ಟೆ ಹಿಡಿದು ನಕ್ಕರು. ಭಾನುವಾರಗಳಂದು ಮನೆ ತುಂಬತೊಡಗಿತು: ಕಾರ್ಖಾನೆಯ ಗೆಳೆಯರು, ಮೇಲಿನ ಮನೆಯ ಕೆನ್ಯಾದ ಮೇಷ್ಟ್ರು, ಅಮ್ಮನ ಉಪ್ಪಿಟ್ಟು, ಮೂರು ಭಾಷೆಯ ವಾದ. ದುಃಖವೇನೂ ಮನೆ ಬಿಟ್ಟು ಹೋಗಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಅಪ್ಪ ಮತ್ತೆ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆಗ ಅಮ್ಮ ಯಾವ ಗ್ರೀಕರನ್ನೂ ಕರೆಯದೆ, ಅವರಿಗೆ ಭುಜ ತಾಗುವಷ್ಟು ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದಳು.

ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನಮ್ಮ ಹಳೆಯ ಫ್ಲಾಟುಗಳನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ಅದರ ಮುಂದೆ ಹಾಯುವಾಗ ನಮ್ಮ ಮನೆ ಎಷ್ಟು ಎತ್ತರದಲ್ಲಿತ್ತೆಂದು ತಲೆಯೆತ್ತಿ ಅಂದಾಜು ಮಾಡುತ್ತೇನೆ. ನಿಮಗೂ ಎಲ್ಲೋ ಹೀಗೆ ನೋಡಿ ನಿಲ್ಲುವ ಒಂದು ಜಾಗ ಇದ್ದೀತು. ನಾನು ಬೆಳೆದ ಮನೆಯಲ್ಲಿ ಇಬ್ಬರು ದೊಡ್ಡವರು ಒಬ್ಬರನ್ನೊಬ್ಬರು ನಿಜವಾಗಿ ಕೇಳುತ್ತಿದ್ದರು, ಉತ್ತರ ಬರುವವರೆಗೆ ಕಾಯುತ್ತಿದ್ದರು. ನನ್ನ ಪಾಲಿಗೆ ಅಷ್ಟು ಸಿಕ್ಕಿತು.