ಮೇಲಿನ ಸಾಲಿನ ಎರಡು ಸೀಟು

ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಿಂದ ನಾನು ಮತ್ತು ಮಗಳು ಶ್ರಾವ್ಯ ಬೆಳಿಗ್ಗೆಯೇ ಹೊರಟೆವು. ಆ ಸಂಜೆ ಅಬುಧಾಬಿಯ ಯಾಸ್ ದ್ವೀಪದಲ್ಲಿ ಕೊರಿಯಾದ ನಾಲ್ವರು ಹುಡುಗಿಯರ ತಂಡದ ಸಂಗೀತ ಕಾರ್ಯಕ್ರಮ. ಟಿಕೆಟ್ ಅವಳಿಗೆ ಮಾತ್ರ, ನಾನು ಹೊರಗೆ ಕಾಯುವವಳು. ಮುಂದಿನ ತಿಂಗಳು ವೀಸಾ ಮುಗಿಸಿ ನಾವು ಉಡುಪಿಗೆ ಹಿಂದಿರುಗುತ್ತೇವೆ. ಅದಕ್ಕೆ ಮೊದಲು ಅವಳು ಫಿದಾಳೊಡನೆ ಮಾತಾಡಬೇಕು ಎಂಬುದು ನನ್ನ ಹಟ.

ಫಿದಾ ಹಿಂದೆ ನಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದ ಬ್ಯಾರಿ ಮನೆಯ ಹುಡುಗಿ. ಈ ತಂಡದ ಹೊಸ ಹಾಡು ಕೊರಿಯಾದಲ್ಲಿ ಸಂಜೆ ಬಿಡುಗಡೆಯಾದರೆ ನಮಗಿಲ್ಲಿ ಮಧ್ಯಾಹ್ನ. ಇಬ್ಬರೂ ಶಾಲೆಯ ಬಸ್ಸಿನಲ್ಲೇ ಯಾರದೋ ಫೋನಿನಲ್ಲಿ ಅದನ್ನು ಕೇಳಿಕೊಂಡು ಬಂದು, ಯೂನಿಫಾರ್ಮ್ ಕಳಚದೆ ಕಾರಿಡಾರಿನಲ್ಲಿ ಕುಣಿಯುತ್ತಿದ್ದರು. ಒಳಗೆ ನಾನು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದೆ. ಇಂದಿಗೂ ಮೆಷಿನ್ ತುಳಿಯುವಾಗ ಆ ಹೆಜ್ಜೆಗಳ ಸದ್ದಿಗೆ ಕಿವಿ ಕೊಡುತ್ತೇನೆ. ಆಮೇಲೆ ಫಿದಾಳ ತಂದೆಗೆ ಅಬುಧಾಬಿಯಿಂದಲೂ ಆಚೆಯ ಮದೀನತ್ ಜಾಯೆದ್‌ಗೆ ವರ್ಗವಾಯಿತು. ಹಿಂದಿನ ಸಲ ತಂಡ ಬಂದಾಗ ಫಿದಾ ಹೊಸ ಗೆಳತಿಯರೊಡನೆ ಹೋದಳು, ಇವಳಿಗೆ ಹೇಳಲಿಲ್ಲ. ಇವಳು ಫೋಟೊ ನೋಡಿದಳು. ಅಂದಿನಿಂದ ಮಾತಿಲ್ಲ.

ಮೆಟ್ರೊ ಬದಲಾಯಿಸಿ ಇಬ್ನ್ ಬತೂತಾ ತಲುಪಿ, ಅಲ್ಲಿಂದ ಅಬುಧಾಬಿ ಬಸ್ಸು ಹಿಡಿದೆವು. ತಲೆಗೆ ಇಪ್ಪತ್ತೈದು ದಿರ್ಹಮ್. ಹೋಗುವವರು ಬಸ್ಸು-ಮೆಟ್ರೊದ ನೋಲ್ ಕಾರ್ಡಿಗೆ ವಾಪಸ್ ಬರುವ ಖರ್ಚನ್ನೂ ಮೊದಲೇ ತುಂಬಿಸಿಕೊಳ್ಳಿ, ಬಸ್ಸಿನಲ್ಲಿ ನಗದು ನಡೆಯದು. ತಿಂಡಿಯೂ ಕೈಯಲ್ಲಿರಲಿ. ಕಾರ್ಯಕ್ರಮದ ಜಾಗದಲ್ಲಿ ನೀರಿಗೂ ಬೆಲೆ ಕಟ್ಟಿ ಬೆಚ್ಚಿಬೀಳಿಸುತ್ತಾರೆ.

ಅಬುಧಾಬಿ ನಿಲ್ದಾಣದಲ್ಲಿ ಫಿದಾ ಮತ್ತು ಅವಳ ತಾಯಿ ಜುಬೇದಾ ನಿಂತಿದ್ದರು. ಟ್ಯಾಕ್ಸಿ ಹಂಚಿಕೊಂಡರೆ ಅರ್ಧ ಉಳಿಯುತ್ತದೆ ಎಂದು ಜುಬೇದಾಳನ್ನು ಫೋನಿನಲ್ಲೇ ಒಪ್ಪಿಸಿದ್ದೆ.

"ಅಮ್ಮ, ಸೀರಿಯಸ್ಲಿ? ಇದು ನಿನ್ನ ಪ್ಲ್ಯಾನಾ?" ಶ್ರಾವ್ಯ ಪಿಸುಗುಟ್ಟಿದಳು.

"ಟ್ಯಾಕ್ಸಿ ದುಡ್ಡು ನೀನು ಕೊಡ್ತೀಯಾ? ಸುಮ್ನೆ ಕೂತ್ಕೋ."

ನಾನು ಮುಂದೆ ಕುಳಿತೆ. ಹಿಂದೆ ಹುಡುಗಿಯರಿಬ್ಬರೂ ಒಂದೊಂದು ಕಿಟಕಿ ಹಿಡಿದರು, ನಡುವೆ ಜುಬೇದಾ. ಸ್ವಲ್ಪ ದೂರ ಹೋದ ಮೇಲೆ ಅವಳು ಹೇಳಿದಳು, "ಶಾರದಕ್ಕ, ಎಸಿ ಬಂದ್ ಮಾಡ್ಲಿಕ್ಕೆ ಹೇಳಿ. ನನಗೆ ಎರಡು ಬದಿಯಿಂದ ತಂಪು ಉಂಟು."

ಸಭಾಂಗಣದ ಹೊರಗೆ ಅಭಿಮಾನಿಗಳು ದೊಡ್ಡ ವೃತ್ತ ಕಟ್ಟಿದ್ದರು. ಸ್ಪೀಕರಿನಲ್ಲಿ ಯಾವುದೋ ಹಾಡಿನ ತುಣುಕು ಬರುತ್ತದೆ. ಕುಣಿತ ಗೊತ್ತಿದ್ದವರು ನಡುವೆ ಓಡಿ, ತಂಡದ ಹುಡುಗಿಯರು ನಿಲ್ಲುವ ಜಾಗಗಳಲ್ಲೇ ನಿಂತು ಕುಣಿಯಬೇಕು. ಹಳೆಯ ಹಾಡೊಂದು ಬಂತು. ಶ್ರಾವ್ಯ ಓಡಿ, ಯಾವಾಗಲೂ ತನ್ನದಾಗಿದ್ದ ಎಡಗಡೆಯ ಜಾಗದಲ್ಲಿ ನಿಂತಳು. ಪಕ್ಕದ ಜಾಗಕ್ಕೆ ಬೇರೊಬ್ಬಳು ಬರುತ್ತಿದ್ದಂತೆ ಕೈ ಅಡ್ಡ ಹಿಡಿದು ಫಿದಾಳತ್ತ ನೋಡಿದಳು.

"ಉಮ್ಮ, ಬ್ಯಾಗ್ ಹಿಡಿ," ಎಂದಳು ಫಿದಾ.

ಕಾರಿಡಾರಿನ ಪುಟ್ಟ ಕಾಲುಗಳು ಉದ್ದವಾಗಿದ್ದವು, ಅಷ್ಟೇ. ಹಾಡು ಮುಗಿದಾಗ ಇಬ್ಬರಿಗೂ ಏದುಸಿರು.

"ಹೇಳ್ಬೇಕಿತ್ತು ನಿಂಗೆ. ಸಾರಿ," ಎಂದಳು ಫಿದಾ.

"ಒಂದು ಮೆಸೇಜ್ ಸಾಕಿತ್ತು."

"ಗೊತ್ತು."

ನಾನು ಬನ್ಸ್ ಡಬ್ಬಿ ಬಿಚ್ಚಿದೆ, ಜುಬೇದಾ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸುಕ್ಕ. ತಿನ್ನುತ್ತಲೇ ಫಿದಾ ಫೋನಿನಲ್ಲಿ ಅಭಿಮಾನಿಗಳ ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಅವಳ ಟಿಕೆಟ್ ವೇದಿಕೆಯ ಹತ್ತಿರದ್ದು. ಶ್ರಾವ್ಯಳದು ನಾನೇ ಆರಿಸಿದ ಎಲ್ಲಕ್ಕಿಂತ ಅಗ್ಗದ ಮೇಲಿನ ಸಾಲು. ಸ್ವಲ್ಪ ಹೊತ್ತಿಗೆ ಶ್ರಾವ್ಯಳ ಪಕ್ಕದ ಸೀಟಿನ ಫಿಲಿಪೀನಿ ಹುಡುಗಿ ಸಿಕ್ಕಳು. ಫಿದಾ ತನ್ನ ಹತ್ತಿರದ ಸೀಟು ಕೊಟ್ಟು ಆ ದೂರದ ಸೀಟು ತೆಗೆದುಕೊಂಡಳು, ಮೇಲೆ ಒಂದು ದಿರ್ಹಮ್ ಕೂಡ ಕೇಳದೆ. ಆ ಹುಡುಗಿಗೆ ನಂಬಿಕೆಯೇ ಬರಲಿಲ್ಲ. ನನ್ನ ನಾಲಿಗೆ ತುರಿಸಿತು. ನಾಯಿಫ್‌ನ ಬಟ್ಟೆ ಅಂಗಡಿಗಳಲ್ಲಿ ಗುಂಡಿಗೂ ಜಿಪ್ಪಿಗೂ ಚೌಕಾಸಿ ಮಾಡಿಯೇ ನಾನು ಮೇಲೆ ಬಂದದ್ದು. ಇಂಥ ವ್ಯಾಪಾರವನ್ನು ನೋಡಿ ಸುಮ್ಮನಿದ್ದು ಗೊತ್ತಿಲ್ಲ.

ಜುಬೇದಾ ನನ್ನ ಮೊಣಕೈ ಹಿಡಿದಳು. "ಬಿಡಿ ಶಾರದಕ್ಕ. ಖಲಾಸ್."

ಬಿಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ಟ್ಯಾಕ್ಸಿ ನಮ್ಮನ್ನು ಬಸ್ ನಿಲ್ದಾಣದಲ್ಲಿ ಇಳಿಸಿತು. ಜುಬೇದಾ ಮತ್ತು ಫಿದಾ ಅದೇ ಟ್ಯಾಕ್ಸಿಯಲ್ಲಿ ಮುಸಫ್ಫಾದ ನೆಂಟರ ಮನೆಗೆ ಹೋಗುವವರು. ಬಸ್ಸಿನಲ್ಲಿ ಶ್ರಾವ್ಯ ಹೇಳಿದಳು, "ಮೇಲಿನಿಂದ ಅವರ ಮುಖವೇ ಕಾಣ್ಲಿಲ್ಲ ಅಮ್ಮ."

"ಫಿದಾ ಬೈದ್ಲಾ ನನ್ನನ್ನು?"

"ಇಲ್ಲ. ನಾವು ಅರ್ಧ ಹೊತ್ತು ಸ್ಟೇಜ್ ನೋಡ್ಲೇ ಇಲ್ಲ. ಮಾತಾಡಿದ್ದು."

ಬಸ್ಸು ಹೊರಟಿತು. ತಿರುಗಿ ನೋಡಿದರೆ ಫಿದಾ ಇನ್ನೂ ಹೊರಡದ ಟ್ಯಾಕ್ಸಿಯಿಂದ ಇಳಿದು ನಮ್ಮ ಕಿಟಕಿಯತ್ತ ಕೈಬೀಸುತ್ತಿದ್ದಳು. ಹಿಂದೆ ಬಾಗಿಲು ತೆರೆದೇ ಇತ್ತು, ಮೀಟರ್ ಓಡುತ್ತಲೇ ಇತ್ತು.