ಸ್ಯಾಲರಿ ಕ್ಯಾಪ್ ಮತ್ತು ನಮ್ಮ ಬೇಸ್‌ಮೆಂಟ್

ಬ್ಯಾಸ್ಕೆಟ್‌ಬಾಲ್ ಆಟ ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ರೆಫರಿ ಯಾಕೆ ಸೀಟಿ ಊದಿದ, ಬುಟ್ಟಿಗೆ ಬಿದ್ದ ಚೆಂಡು ಯಾಕೆ ಲೆಕ್ಕಕ್ಕಿಲ್ಲ ಎಂದು ನನ್ನನ್ನು ಕೇಳಬೇಡಿ. ಆದರೆ ಸ್ಯಾಲರಿ ಕ್ಯಾಪ್ ವಿಷಯ ಕೇಳಿ ನೋಡಿ, ಶಿಕಾಗೋ ಪಕ್ಕದ ನಮ್ಮ ನೇಪರ್‌ವಿಲ್‌ನ ಯಾವ ಅಂಕಲ್‌ಗೂ ನಾನು ಸೋಲುವವಳಲ್ಲ.

ಇದನ್ನು ಕಲಿಸಿದವಳು ನನ್ನ ಮಗಳು. ನನ್ನ ಗಂಡ ತೀರಿಕೊಂಡಾಗ ಅವಳಿಗೆ ಹನ್ನೆರಡು ವರ್ಷ. ಅಲ್ಲಿಯವರೆಗೆ ಅಪ್ಪ, ಮಗಳು ಸೋಫಾದ ಮೇಲೆ ಕೂತು ಶಿಕಾಗೋ ತಂಡದ ಒಂದು ಆಟವನ್ನೂ ಬಿಡದೆ ನೋಡುತ್ತಿದ್ದರು. ಅವರು ಹೋದ ಮೇಲೆ ಅವಳೊಬ್ಬಳೇ ನೋಡತೊಡಗಿದಳು. ನಾನು ಪಕ್ಕದಲ್ಲಿ ಹೋಗಿ ಕೂತರೆ, "ಯು ವೋಂಟ್ ಗೆಟ್ ಇಟ್, ಅಮ್ಮ" ಎನ್ನುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಕೊನೆಗೆ ಆಟ ಇಲ್ಲದ ಬೇಸಿಗೆಯಲ್ಲಿ ಒಂದು ದಾರಿ ಸಿಕ್ಕಿತು. ಬೇಸಿಗೆಯಲ್ಲಿ ತಂಡಗಳು ಆಟಗಾರರನ್ನು ಕೊಳ್ಳುವ, ಬಿಡುವ ಗಲಾಟೆ ಶುರುವಾಗುತ್ತದೆ. ಅದನ್ನು ಅವಳು ನನ್ನ ಮಸಾಲೆ ಡಬ್ಬಿ ಎಳೆದುಕೊಂಡು ವಿವರಿಸಿದಳು. ಡಬ್ಬಿ ಇಷ್ಟೇ ದೊಡ್ಡದು. ಒಂದು ತಂಡ ತನ್ನವರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೂ ಹೀಗೇ ಒಂದು ಮಿತಿ ಇದೆ, ಅದೇ ಸ್ಯಾಲರಿ ಕ್ಯಾಪ್. ಕರಾರು ಮುಗಿದ ದೊಡ್ಡ ಸ್ಟಾರ್ ಒಬ್ಬ ಬೇಕೆಂದರೆ ಅವನಿಗೆ ಜಾಗ ಬೇಕು. ಅದಕ್ಕೆ ಸಾಸಿವೆ, ಜೀರಿಗೆ, ಮೆಂತ್ಯದಂಥ ಮಾಮೂಲಿ ಆಟಗಾರರನ್ನು ಮೊದಲೇ ಸಾಗಹಾಕಬೇಕು.

"ಅವನು ಬರದೇ ಹೋದ್ರೆ?" ಎಂದು ಕೇಳಿದ್ದೆ. "ದೆನ್ ಯು ಆರ್ ಸ್ಟಕ್" ಎಂದು ನಕ್ಕಳು.

ಅಲ್ಲಿಂದ ಮುಂದೆ ಅದೇ ನಮ್ಮ ಮಾತಾಯಿತು. ಅವಳು ಓದಲು ದೂರದ ಆನ್ ಆರ್ಬರ್ ಊರಿಗೆ ಹೋದ ಮೇಲಂತೂ, ಊಟ ಆಯ್ತಾ ಎಂದರೆ "ಯಾ" ಎನ್ನುವವಳು, ಯಾರ ಕರಾರು ಮುಗಿಯುತ್ತಿದೆ ಎಂದು ಕೇಳಿದರೆ ಮುಕ್ಕಾಲು ಗಂಟೆ ಫೋನ್ ಇಡುತ್ತಿರಲಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು, ಆಫೀಸಿನ ಲಂಚ್ ಹೊತ್ತಿನಲ್ಲಿ ಆಟಗಾರರ ಸುದ್ದಿ ಓದಿ ತಯಾರಾಗಿ ಕೂರುತ್ತಿದ್ದೆ.

ಹೋದ ವರ್ಷ ಅವಳ ಓದು ಮುಗಿಯಿತು. ಕೈಯಲ್ಲಿ ಎರಡು ಕೆಲಸ, ಒಂದು ಶಿಕಾಗೋದಲ್ಲಿ, ಒಂದು ನಾಲ್ಕೈದು ಗಂಟೆ ದಾರಿಯ ಡೆಟ್ರಾಯಿಟ್‌ನಲ್ಲಿ. "ಯೋಚನೆ ಮಾಡ್ತಿದೀನಿ" ಎಂದಳು. ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದುಕೊಂಡೆ ನಾನು. ಶಿಕಾಗೋದಲ್ಲಿ ಮನೆ ಇದೆ, ಮನೆಯಲ್ಲಿ ಅಮ್ಮ ಇದ್ದಾಳೆ. ಬಾ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳನ್ನು ಅವಳ ಮನೆಗೇ ಬಾ ಎಂದು ಕರೆಯಲು ಅವಳೇನು ನೆಂಟರವಳೇ? ಕೇಳುವ ಬದಲು ಜಾಗ ಮಾಡಲು ಹೊರಟೆ.

ಆಗ ನಮ್ಮ ಬೇಸ್‌ಮೆಂಟಿನಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಕೆಲಸದ ವೀಸಾ ಮೇಲೆ ಬಂದವಳು, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕವಳು. ಎರಡು ವರ್ಷ ಇದ್ದಳು, ನನ್ನ ಮಗಳು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಶನಿವಾರ ಬೆಳಿಗ್ಗೆ ಕೆಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು, ಹಿಂದೆಯೇ ಬಟ್ಟೆ ಮುಚ್ಚಿದ ತಟ್ಟೆ ಮೇಲೆ ಬರುತ್ತಿತ್ತು. ಹಿಮ ಬಿದ್ದ ದಿನ ನಾನು ಏಳುವಷ್ಟರಲ್ಲಿ ಡ್ರೈವ್‌ವೇ ಸ್ವಚ್ಛವಾಗಿರುತ್ತಿತ್ತು. ನನ್ನ ಕಾಲು ಉಳುಕಿದಾಗ ಮೂರು ವಾರ ಅವಳೇ ನನ್ನನ್ನು ಆಫೀಸಿಗೆ ಬಿಟ್ಟು, ಆಮೇಲೆ ತನ್ನ ಆಫೀಸಿಗೆ ಹೋಗುತ್ತಿದ್ದಳು. ಇದನ್ನೆಲ್ಲ ನಾನು ದೊಡ್ಡದು ಎಂದುಕೊಂಡಿರಲಿಲ್ಲ.

ಮಗಳಿಗೆ ಆ ಬೇಸ್‌ಮೆಂಟಿನ ಹಾಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬಚ್ಚಲು ಇದ್ದರೆ ಇಷ್ಟವಾಗುತ್ತದೆ ಎಂದು ನನ್ನ ಲೆಕ್ಕ. ನಮ್ಮವರ ಪೈಕಿ ಯಾರೂ ಬಾಡಿಗೆಯವರಿಗೆ ಮನೆ ಬಿಡು ಎಂದು ನೇರವಾಗಿ ಹೇಳುವುದಿಲ್ಲ. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ, "ಮಗಳಿಗೆ ಇಲ್ಲೇ ಕೆಲಸ ಆಗೋ ಹಾಗಿದೆ. ನಿನ್ನ ಆಫೀಸಿನ ಹತ್ತಿರ ಒಳ್ಳೆ ರೂಮ್ ಏನಾದ್ರೂ ಸಿಕ್ರೆ ನೋಡ್ತಿರಮ್ಮ. ಅವಸರ ಏನಿಲ್ಲ" ಎಂದೆ.

ಅವಳು ನಮ್ಮವಳೇ ಅಲ್ಲವೇ, ಅರ್ಥವಾಯಿತು. ಮೂರನೇ ದಿನವೇ ಮೇಲೆ ಬಂದಳು. "ಆಂಟಿ, ಗ್ಲೆಂಡೇಲ್ ಹೈಟ್ಸ್‌ನ್ಯಾಗ ಒಂದ್ ರೂಮ್ ಸಿಕ್ಕೈತ್ರಿ. ಶನಿವಾರ ಶಿಫ್ಟ್ ಆಗ್ತೀನ್ರಿ."

"ಇಷ್ಟು ಬೇಗ ಯಾಕಮ್ಮ?"

"ಮಗಳು ಬರಾಕತ್ತಾರಲ್ರಿ. ಮನಿ ಸಜ್ಜ ಮಾಡೂದು ಇರ್ತೈತಿ ನಿಮಗ."

ಹೋಗುವ ಮುನ್ನ ಒಲೆಯ ಹಿಂದಿನ ಗೋಡೆಯನ್ನೂ ಉಜ್ಜಿ ತೊಳೆದು ಹೋದಳು. ಅವಳು ಹೋದದ್ದು ನಿರಾಳವೆನಿಸಿತು. ಆ ನಿರಾಳ ನೆನೆದರೆ ನಾಚಿಕೆಯಾಗುತ್ತದೆ. ಬಣ್ಣ ಹೊಡೆಸಿದೆ, ಹೊಸ ಹಾಸಿಗೆ ತರಿಸಿದೆ. ವಾರಾಂತ್ಯ ಮಗಳ ಜೊತೆ ಇರಬೇಕಲ್ಲ ಎಂದು, ದೇವಸ್ಥಾನದಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವುದನ್ನೂ ಬಿಟ್ಟೆ. ಮಗಳಿಗೆ ಒಂದು ಮಾತೂ ಹೇಳಲಿಲ್ಲ. ಬಂದು ನೋಡಿ ಖುಷಿಪಡಲಿ ಎಂದಿತ್ತು.

ಜೂನ್ ಕೊನೆಯ ದಿನ ಸಂಜೆ ಐದಕ್ಕೆ ಕರಾರು ಮುಗಿದ ಸ್ಟಾರ್‌ಗಳ ಜೊತೆ ಮಾತುಕತೆಯ ಬಾಗಿಲು ತೆರೆಯುತ್ತದೆ. ಪ್ರತಿ ವರ್ಷದಂತೆ ಅವಳು ಫೋನ್ ಮಾಡಿದಳು, ಇಬ್ಬರೂ ಸುದ್ದಿ ನೋಡುತ್ತ ಕೂತೆವು. ಒಂದು ತಂಡ (ಹೆಸರು ಬೇಡ, ಪಾಪ) ಒಬ್ಬನಿಗಾಗಿ ಇದ್ದಬದ್ದ ಒಳ್ಳೆಯ ಆಟಗಾರರನ್ನೆಲ್ಲ ಬಿಟ್ಟಿತ್ತು. ಅರ್ಧ ಗಂಟೆಯೊಳಗೆ ಅವನು ಬೇರೆ ಕಡೆ ಒಪ್ಪಿಕೊಂಡ. ಮಗಳು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ.

ನಗು ನಿಂತ ಮೇಲೆ, "ಅಮ್ಮ, ಐ ಸೈನ್ಡ್ ಟೂ" ಎಂದಳು. "ಡೆಟ್ರಾಯಿಟ್."

ಒಳ್ಳೆಯದಾಯಿತು ಎಂದೆ. ಆಮೇಲೆ ಅವಳು ಇಂಗ್ಲಿಷಿನಲ್ಲಿ, ತುಂಬ ಮೆತ್ತಗೆ ಹೇಳಿದಳು: ನಿನ್ನೊಬ್ಬಳನ್ನೇ ಬಿಟ್ಟು ದೂರ ಇರಲು ನನಗೆ ಧೈರ್ಯ ಇರಲಿಲ್ಲ. ಶಿಕಾಗೋಗೇ ಬರೋಣ ಎಂದಿದ್ದೆ. ಆಮೇಲೆ ನೆನಪಾಯಿತು, ಕೆಳಗೆ ಅಕ್ಕ ಇದ್ದಾಳಲ್ಲ, ನಿನ್ನನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅದಕ್ಕೇ ಸೈನ್ ಮಾಡಿದೆ.

ಅಕ್ಕನ ಕೈಗೆ ಫೋನ್ ಕೊಡು, ಥ್ಯಾಂಕ್ಸ್ ಹೇಳಬೇಕು ಎಂದಳು.

"ಇನ್ನೂ ಆಫೀಸಿಂದ ಬಂದಿಲ್ಲ" ಎಂದೆ.

ಆ ವಾರವೆಲ್ಲ ಮನೆ ಬಣಬಣ ಎನ್ನುತ್ತಿತ್ತು. ಕೆಳಗೆ ಯಾರೂ ಇಲ್ಲ ಎಂಬ ನಿಜ ಹೇಳಿದರೆ ಮಗಳು ಸಿಕ್ಕ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು, ಅದು ನನಗೆ ಗೊತ್ತು. ಹಾಗೆ ಬರುವುದು ನನಗೆ ಬೇಡವಾಗಿತ್ತು. ಆದರೆ ಯಾರಾದರೂ ಬಂದರೆ ಸಾಕು ಎಂದೂ ಅನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಗ್ಲೆಂಡೇಲ್ ಹೈಟ್ಸ್‌ನಿಂದ ಫೋನ್ ಬಂತು. "ಆರಾಮ ಅದೀರೇನ್ರಿ ಆಂಟಿ? ಮಗಳು ಬಂದ್ರೇನ್ರಿ?"

ಇಲ್ಲ ಎಂದಿದ್ದರೆ ಅರ್ಧ ಗಂಟೆಯಲ್ಲಿ ಅವಳ ಕಾರು ನಮ್ಮ ಡ್ರೈವ್‌ವೇಯಲ್ಲಿ ಇರುತ್ತಿತ್ತು. ಯಾವ ಮುಖ ಇಟ್ಟುಕೊಂಡು ಇಲ್ಲ ಎನ್ನಲಿ?

"ಬಂದ್ಳಮ್ಮ" ಎಂದೆ.

"ಭಾಳ ಚೊಲೋ ಆತ್ರಿ. ನೀವೊಬ್ರೇ ಅದೀರೇನೋ ಅಂತ ನನಗ ಚಿಂತಿ ಹತ್ತಿತ್ತು" ಎಂದಳು ಅವಳು.